ವಿಮಾನ ನಿಲ್ದಾಣದ ಯಂತ್ರಗಳು ಭಯೋತ್ಪಾದಕರನ್ನು ನಿಜಕ್ಕೂ ತಡೆಯುತ್ತವೆಯೇ?

ನೀವು ಎರಡು ವಿಷಯ ಕೇಳಿದ್ದೀರಿ. ಗಲ್ಫ್‌ಗೆ ಹೊರಟಾಗ ಅಮ್ಮ ಕೊಟ್ಟ ಅರ್ಧ ಕೆಜಿ ಜೇನಿನ ಬಾಟಲಿಯನ್ನು ಕೈಚೀಲದಿಂದ ತೆಗೆಸಿದ್ದು ಯಾಕೆ ಅನ್ನುವುದು ಒಂದು. ಇಷ್ಟೆಲ್ಲ ಯಂತ್ರಗಳಿಂದ ಭಯೋತ್ಪಾದಕರು ನಿಜಕ್ಕೂ ಸಿಕ್ಕಿಬೀಳುತ್ತಾರಾ, ಇಲ್ಲಾ ನಮ್ಮಂಥವರಿಗೆ ಕಿರಿಕಿರಿ ಮಾತ್ರವಾ ಅನ್ನುವುದು ಇನ್ನೊಂದು. ನಾನು ವಿರಾಜಪೇಟೆ ಕಡೆಯವನು. ವಿಮಾನ ನಿಲ್ದಾಣದ ಭದ್ರತೆಯಲ್ಲಿ ಎಕ್ಸ್‌ರೇ ಪರದೆ ಮುಂದೆ ವರ್ಷಗಟ್ಟಲೆ ಕೂತವನು, ಈಗ ನಿವೃತ್ತಿಯಾಗಿ ಕಾಫಿ ತೋಟ ನೋಡಿಕೊಂಡಿದ್ದೇನೆ. ಹಾಗಾಗಿ ನನಗೆ ಗೊತ್ತಿದ್ದದ್ದನ್ನು ಹೇಳುತ್ತೇನೆ.

ಮೊದಲು ಜೇನು. ಎಕ್ಸ್‌ರೇ ಪರದೆ ಮೇಲೆ ನಾವು ನೋಡುವುದು ಬಣ್ಣ. ಬಟ್ಟೆ, ಅನ್ನ, ಪ್ಲಾಸ್ಟಿಕ್, ಸಾಬೂನು, ಇವೆಲ್ಲ ಕಿತ್ತಳೆ. ಕಬ್ಬಿಣ, ಹಿತ್ತಾಳೆ ನೀಲಿ. ಅಲ್ಯೂಮಿನಿಯಂನಂಥ ಹಗುರ ಲೋಹ ಹಸಿರು. ಕಿರಣ ತೂರಿ ಹೋಗಲಾಗದಷ್ಟು ದಪ್ಪಗಿದ್ದರೆ ಕಪ್ಪು. ತೊಂದರೆ ಏನೆಂದರೆ ಸ್ಫೋಟಕಗಳೂ ಬಹುಪಾಲು ಕಿತ್ತಳೆಯೇ. ಜೇನು ಗಟ್ಟಿ ಕಿತ್ತಳೆಯಾಗಿ ಕಾಣುತ್ತದೆ. ಅದರ ಸಾಂದ್ರತೆ ನೀರಿಗಿಂತ ಹೆಚ್ಚು, ಕೆಲವು ಸ್ಫೋಟಕಗಳಿಗೆ ಹತ್ತಿರ. 2010ರ ಜನವರಿಯಲ್ಲಿ ಅಮೆರಿಕದ ಬೇಕರ್ಸ್‌ಫೀಲ್ಡ್ ನಿಲ್ದಾಣದಲ್ಲಿ ಒಬ್ಬರ ಚೀಲದಲ್ಲಿದ್ದ ಜೇನಿನ ಬಾಟಲಿಗಳನ್ನು ಸ್ಫೋಟಕವೆಂದು ಶಂಕಿಸಿ ಇಡೀ ನಿಲ್ದಾಣವನ್ನೇ ಮುಚ್ಚಿದ್ದರು.

ಕೈಚೀಲದಲ್ಲಿ ಒಯ್ಯುವ ದ್ರವಕ್ಕೆ 100 ಮಿಲಿ ಮಿತಿ ಬಂದದ್ದು 2006ರ ನಂತರ. ಆ ವರ್ಷದ ಆಗಸ್ಟ್‌ನಲ್ಲಿ ಲಂಡನ್‌ನಲ್ಲಿ ಒಂದು ತಂಡ ಸಿಕ್ಕಿಬಿತ್ತು. ತಂಪು ಪಾನೀಯದ ಬಾಟಲಿಗಳಲ್ಲಿ ದ್ರವ ಸ್ಫೋಟಕ ತುಂಬಿ, ಅಟ್ಲಾಂಟಿಕ್ ದಾಟುವ ಹಲವು ವಿಮಾನಗಳನ್ನು ಒಂದೇ ಹೊತ್ತಿಗೆ ಉರುಳಿಸುವುದು ಅವರ ಸಂಚು. ಇದನ್ನು ಹಿಡಿದದ್ದು ಯಂತ್ರವಲ್ಲ, ಪೊಲೀಸರು ಮತ್ತು ಗುಪ್ತಚರರು ತಿಂಗಳುಗಟ್ಟಲೆ ನಡೆಸಿದ ನಿಗಾ. ಆಗಿನ ಎಕ್ಸ್‌ರೇಗೆ ಕುಡಿಯುವ ನೀರಿಗೂ ಅವರು ಬಳಸಲಿದ್ದ ಹೈಡ್ರೋಜನ್ ಪೆರಾಕ್ಸೈಡಿಗೂ ವ್ಯತ್ಯಾಸ ಹೇಳಲು ಬರುತ್ತಿರಲಿಲ್ಲ. ಯಂತ್ರಕ್ಕಿದ್ದ ಆ ಕುರುಡಿನಿಂದಲೇ ಈ ನಿಯಮ ಹುಟ್ಟಿತು, ನಿಮ್ಮ ಬಾಟಲಿ ಹೋದದ್ದೂ ಅದರಿಂದಲೇ. ಈಗ ಆಸ್ಪತ್ರೆಯ ಸಿಟಿ ಸ್ಕ್ಯಾನ್‌ನಂತೆ ಚೀಲವನ್ನು ಸುತ್ತಲಿಂದ ನೋಡಿ ಸಾಂದ್ರತೆ ಲೆಕ್ಕ ಹಾಕುವ ಯಂತ್ರಗಳು ಕೈಚೀಲಕ್ಕೂ ಬರುತ್ತಿವೆ. 2025ರಲ್ಲಿ ಬ್ರಿಟನ್‌ನ ಎಡಿನ್‌ಬರೋದಲ್ಲಿ ಈ ಯಂತ್ರದ ಬಲದಿಂದಲೇ 2 ಲೀಟರ್‌ವರೆಗೆ ದ್ರವ ಒಯ್ಯಲು ಬಿಟ್ಟರು. ಯಂತ್ರ ಒಳ್ಳೆಯದಾದಷ್ಟೂ ಪ್ರಯಾಣಿಕರ ಕಷ್ಟ ಕಡಿಮೆಯಾಗುತ್ತದೆ ಅಂತ ನಾನು ನಂಬುವುದು ಇಂಥದ್ದನ್ನು ನೋಡಿಯೇ. ನಮ್ಮಲ್ಲೂ ಕೈಚೀಲದ ಟ್ಯಾಗ್‌ಗೆ ಸೀಲು ಹೊಡೆಯುವ ಪದ್ಧತಿ ಇತ್ತಲ್ಲ, 2017ರಲ್ಲಿ ಬೆಂಗಳೂರೂ ಸೇರಿ ದೊಡ್ಡ ನಿಲ್ದಾಣಗಳಲ್ಲಿ ಅದು ನಿಂತದ್ದು ಕ್ಯಾಮೆರಾಗಳ ಮೇಲೆ ಭರವಸೆ ಬಂದ ಮೇಲೆ.

ಇನ್ನು ದೊಡ್ಡ ಪ್ರಶ್ನೆ. ಇದಕ್ಕೆ ನನ್ನ ಉತ್ತರ 1985ರ ಜೂನ್‌ನಿಂದ ಶುರುವಾಗುತ್ತದೆ. ಏರ್ ಇಂಡಿಯಾದ ಕನಿಷ್ಕ ವಿಮಾನ ಐರ್ಲೆಂಡ್ ಬಳಿ ಸಮುದ್ರದ ಮೇಲೆ ಸ್ಫೋಟಗೊಂಡು 329 ಜನ ಸತ್ತರು. ಬಾಂಬ್ ಇದ್ದ ಸೂಟ್‌ಕೇಸ್ ಕೆನಡಾದ ವ್ಯಾಂಕೂವರ್‌ನಲ್ಲಿ ಬೇರೊಂದು ವಿಮಾನ ಹತ್ತಿ, ಟೊರೊಂಟೊದಲ್ಲಿ ಏರ್ ಇಂಡಿಯಾಕ್ಕೆ ಬದಲಾಯಿತು, ಅದರ ಯಜಮಾನ ಹತ್ತಲೇ ಇಲ್ಲ. ಟೊರೊಂಟೊದಲ್ಲಿ ಆ ದಿನ ಎಕ್ಸ್‌ರೇ ಯಂತ್ರ ಮಧ್ಯದಲ್ಲೇ ಕೆಟ್ಟಿತು. ಉಳಿದ ಚೀಲಗಳಿಗೆ ಕೈಯಲ್ಲಿ ಹಿಡಿದು ಸ್ಫೋಟಕ ಮೂಸುವ ಒಂದು ಯಂತ್ರ ಬಳಸಿದರು. ಕೆಲವೇ ತಿಂಗಳ ಹಿಂದೆ ಪರೀಕ್ಷೆ ಮಾಡಿದಾಗ ಅದು ಸರಿಯಾಗಿ ಕೆಲಸ ಮಾಡಿರಲಿಲ್ಲ. ತರಬೇತಿಯಲ್ಲಿ ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಯಂತ್ರ ಇತ್ತು, ಎಚ್ಚರಿಕೆಗಳೂ ಇದ್ದವು. ಯಂತ್ರ ಕೆಟ್ಟಾಗ ಚೀಲಗಳನ್ನು ನಿಲ್ಲಿಸಿ ಅನ್ನುವವರು ಇರಲಿಲ್ಲ. ನಮ್ಮ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 1987ರಲ್ಲಿ ಪ್ರತ್ಯೇಕ ಇಲಾಖೆಯಾದದ್ದು ಈ ಸಾವುಗಳ ನಂತರ. ಮೊದಲೆಲ್ಲ ವಿಮಾನದ ಪಕ್ಕದಲ್ಲಿ ಸಾಲಾಗಿ ಇಟ್ಟ ಚೀಲಗಳಲ್ಲಿ ನಮ್ಮದನ್ನು ನಾವೇ ಬೊಟ್ಟು ಮಾಡಿ ತೋರಿಸಬೇಕಿತ್ತು, ಹಳಬರಿಗೆ ನೆನಪಿರಬಹುದು. ಯಜಮಾನನಿಲ್ಲದ ಚೀಲ ಹಾರಬಾರದು ಎಂಬ ಆ ಲೆಕ್ಕವನ್ನು ಈಗ ಬಾರ್‌ಕೋಡ್ ಮತ್ತು ಕಂಪ್ಯೂಟರ್ ನೋಡಿಕೊಳ್ಳುತ್ತವೆ.

2001ರ ಸೆಪ್ಟೆಂಬರ್ 11ರಂದೂ ಹೀಗೇ. ಅಮೆರಿಕದ ವಾಷಿಂಗ್ಟನ್ ಬಳಿಯ ಡಲ್ಲೆಸ್ ನಿಲ್ದಾಣದಲ್ಲಿ ವಿಮಾನ ಅಪಹರಣಕಾರರಲ್ಲಿ ಕೆಲವರು ನಡೆದುಹೋದಾಗ ಲೋಹಶೋಧಕ ಕೂಗಿತ್ತು. ಕೈಯಂತ್ರದಿಂದ ತಪಾಸಣೆ ಮಾಡಿ ಒಳಗೆ ಬಿಟ್ಟರು. ಚಿಕ್ಕ ಬ್ಲೇಡಿನ ಚಾಕುಗಳಿಗೆ ಆಗ ಅಲ್ಲಿ ನಿಷೇಧವೂ ಇರಲಿಲ್ಲ.

ಪರದೆ ಮುಂದೆ ಕೂತವನ ಕಷ್ಟ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಸಾವಿರ ಚೀಲ ನೋಡಿದರೂ ಒಂದರಲ್ಲೂ ಏನೂ ಇರುವುದಿಲ್ಲ. ಚಾರ್ಜರ್, ಚಪ್ಪಲಿ, ಡಬ್ಬಿ, ಮತ್ತೆ ಚಾರ್ಜರ್. ಕಣ್ಣು ತೆರೆದೇ ಇರುತ್ತದೆ, ಮನಸ್ಸು ಮಂಜಾಗುತ್ತದೆ. ಅದಕ್ಕೇ ಸಾಮಾನ್ಯವಾಗಿ 20 ನಿಮಿಷಕ್ಕೊಮ್ಮೆ ಆ ಕುರ್ಚಿಯಲ್ಲಿ ಕೂರುವವರನ್ನು ಬದಲಿಸುತ್ತಾರೆ. ಯಂತ್ರವೂ ನಮ್ಮನ್ನು ಪರೀಕ್ಷೆ ಮಾಡುತ್ತದೆ. ನಿಮ್ಮ ಚೀಲದ ಚಿತ್ರದೊಳಗೆ ಇಲ್ಲದ ಪಿಸ್ತೂಲಿನ ಚಿತ್ರವನ್ನು ತಾನೇ ಸೇರಿಸುತ್ತದೆ. ನಾವು ಗುಂಡಿ ಒತ್ತಿದರೆ ಇದು ಪರೀಕ್ಷೆಯ ಚಿತ್ರ ಎಂದು ಹೇಳಿ ಅಳಿಸುತ್ತದೆ, ಒತ್ತದಿದ್ದರೆ ತಪ್ಪಿದೆ ಎಂದು ಬರೆದಿಟ್ಟುಕೊಳ್ಳುತ್ತದೆ. ಒಂದು ಮುಂಜಾನೆ ಪಾಳಿಯ ಕೊನೆಗೆ, ಮಗುವಿನ ಹಾಲಿನ ಡಬ್ಬಿ ಪಕ್ಕದಲ್ಲಿದ್ದ ಚಾಕುವಿನ ಚಿತ್ರ ನನ್ನ ಕಣ್ಣೆದುರೇ ದಾಟಿ ಹೋಯಿತು. ಅದು ನಿಜವಾದ ಚಾಕುವಲ್ಲ. ಆದರೂ ಅವತ್ತು ಊಟ ಸೇರಲಿಲ್ಲ. ಮರುದಿನದಿಂದ ಪ್ರತಿ ಚೀಲವನ್ನೂ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಗದ್ದೆ ಉತ್ತಂತೆ ಸಾಲು ಹಿಡಿದು ನೋಡುವುದನ್ನು ರೂಢಿಸಿಕೊಂಡೆ.

ನಮ್ಮ ಜಿಲ್ಲೆಯವರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ, ಈಗ ಅದು 2029ರವರೆಗೆ. ಹಂದಿ ಬಂದಾಗ ಕೋವಿ ಹಿಡಿದು ತೋಟಕ್ಕೆ ಹೋದವರು ಹಾಕಿಕೊಂಡ ಜಾಕೆಟ್ ಮಗನ ಜೊತೆ ಬೆಂಗಳೂರಿಗೆ, ಅಲ್ಲಿಂದ ವಿಮಾನಕ್ಕೆ ಹೋಗುತ್ತದೆ. ಜೇಬಿನ ಮೂಲೆಯಲ್ಲಿ ಒಂದು 12 ಬೋರ್ ತೋಟೆ. ಪರದೆ ಮೇಲೆ ಅದು ಮರೆಯಲಾಗದ ಆಕಾರ: ಬುಡದಲ್ಲಿ ಹಿತ್ತಾಳೆಯ ನೀಲಿ ಬಳೆ, ಮೇಲೆ ಸೀಸದ ಚರೆಯ ಕಪ್ಪು ಗುಪ್ಪೆ, ಸುತ್ತ ಪ್ಲಾಸ್ಟಿಕ್ಕಿನ ತೆಳು ಕಿತ್ತಳೆ ಅಂಚು. ಕೋವಿಯ ವಿನಾಯಿತಿ ವಿಮಾನದ ಬಾಗಿಲಿಗೆ ನಡೆಯುವುದಿಲ್ಲ. ಗೊತ್ತಿಲ್ಲದೆ ಉಳಿದದ್ದು ಎಂದು ಸಾಬೀತಾದರೆ ಹೈಕೋರ್ಟ್‌ಗಳು ಇಂಥ ಕೇಸು ರದ್ದು ಮಾಡಿದ್ದುಂಟು, ಆದರೆ ಅಷ್ಟರಲ್ಲಿ ವಿಮಾನ ಹೋಗಿರುತ್ತದೆ, ಠಾಣೆ ಅಲೆದಿರುತ್ತೀರಿ. ಮದುವೆಗೆ ಹೋಗುವಾಗ ಸೊಂಟಕ್ಕೆ ಸಿಕ್ಕಿಸುವ ಪೀಚೆ ಕತ್ತಿಯೂ ಅಷ್ಟೆ, ಕೈಚೀಲದಲ್ಲಿ ಬೇಡ.

ಸ್ಫೋಟಕದ ಕಣ ಮೂಸುವ ಯಂತ್ರವೂ ನಮ್ಮವರನ್ನು ಆಗಾಗ ನಿಲ್ಲಿಸುತ್ತದೆ. ಬಟ್ಟೆಯ ತುಂಡಿನಿಂದ ಕೈ, ಚೀಲ ಒರೆಸಿ ಯಂತ್ರಕ್ಕೆ ಕೊಡುತ್ತಾರಲ್ಲ, ಅದು ಕಣಗಳನ್ನು ಕಾಯಿಸಿ, ವಿದ್ಯುದಂಶ ಕೊಟ್ಟು, ಎಷ್ಟು ಬೇಗ ಸಾಗುತ್ತವೆ ಎಂದು ಅಳೆಯುತ್ತದೆ. ಹೂಮಳೆ ಕಳೆದು ಕಾಫಿ ಗಿಡಕ್ಕೆ ಗೊಬ್ಬರ ಹಾಕಿ ಅದೇ ಬೂಟಿನಲ್ಲಿ ಬಂದವರ ಮೇಲೆ, ಕೆಲವು ಸ್ಫೋಟಕಗಳಲ್ಲೂ ಇರುವ ನೈಟ್ರೇಟ್ ಇರಬಹುದು. ಹೃದಯದ ನೈಟ್ರೋಗ್ಲಿಸರಿನ್ ಮಾತ್ರೆಯಿಂದಲೂ ಯಂತ್ರ ಕೂಗಬಹುದು. ಆಗ ಅಲ್ಲಿರುವ ಸಿಬ್ಬಂದಿ ಸಮಾಧಾನದಿಂದ ವಿಚಾರಿಸಬೇಕು. ಹೆದರಿಸುವ ಸಿಬ್ಬಂದಿಯನ್ನು ನಾನು ಯಾವತ್ತೂ ಸಮರ್ಥಿಸಿಲ್ಲ. ಮುಖ ನೋಡಿ ಒಳಬಿಡುವ ಡಿಜಿಯಾತ್ರಾ ಬೇರೆ ವಿಷಯ. ಟಿಕೆಟ್ಟಿನವರೂ ಎದುರು ನಿಂತವರೂ ಒಬ್ಬರೇನಾ ಅನ್ನುವುದಷ್ಟೇ ಅದರ ಕೆಲಸ.

ನಮಗೆ ಹತ್ತಿರದ ಉದಾಹರಣೆ ಮಂಗಳೂರು. 2020ರ ಜನವರಿ 20ರಂದು ಬಜ್ಪೆ ನಿಲ್ದಾಣದ ಹೊರಭಾಗದಲ್ಲಿ ಒಬ್ಬ ಚೀಲ ಇಟ್ಟು ಹೋದ. ಆ ಚೀಲ ಎಕ್ಸ್‌ರೇವರೆಗೆ ಬರಲೇ ಇಲ್ಲ. ವಾರಸುದಾರರಿಲ್ಲದ ಚೀಲ ಎಂದು ಗುರುತಿಸಿದ್ದು ನಿಲ್ದಾಣ ಕಾಯುವ ಕೇಂದ್ರ ಪಡೆ ಸಿಐಎಸ್‌ಎಫ್‌ನ ಸಿಬ್ಬಂದಿಯ ಕಣ್ಣು. ಒಳಗೆ ಸ್ಫೋಟಕ ಇತ್ತು. ಅದನ್ನು ಬಾಂಬ್ ನಿಷ್ಕ್ರಿಯ ವಾಹನದಲ್ಲಿ ಕೆಂಜಾರಿನ ಮೈದಾನಕ್ಕೆ ಒಯ್ದು ಸ್ಫೋಟಿಸಿದರು, ಯಾರಿಗೂ ಏನೂ ಆಗಲಿಲ್ಲ. ಇಟ್ಟವನ ಚಿತ್ರ ಸಿಸಿಟಿವಿಯಲ್ಲಿ ಸಿಕ್ಕಿತು. ಎರಡು ದಿನದಲ್ಲಿ ಅವನು ಬೆಂಗಳೂರಿನಲ್ಲಿ ಶರಣಾದ, 2022ರಲ್ಲಿ ನ್ಯಾಯಾಲಯ 20 ವರ್ಷ ಶಿಕ್ಷೆ ವಿಧಿಸಿತು. 2016ರಲ್ಲಿ ಬ್ರಸೆಲ್ಸ್‌ನಲ್ಲಿ ಬಾಂಬ್ ಸಿಡಿದದ್ದೂ ತಪಾಸಣೆಗಿಂತ ಮುಂಚಿನ, ಎಲ್ಲರೂ ಓಡಾಡುವ ಜಾಗದಲ್ಲೇ. ಅಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ.

ಹಾಗಾಗಿ ಯಂತ್ರ ಭಯೋತ್ಪಾದಕರನ್ನು ಹಿಡಿಯುತ್ತದಾ ಅಂದರೆ, ಒಂಟಿಯಾಗಿ ಹಿಡಿಯುವುದಿಲ್ಲ. ಚೀಲದಲ್ಲಿ ಆಯುಧ ಒಯ್ಯುವ ದಾರಿಯನ್ನು ಬಹಳ ಕಷ್ಟದ ದಾರಿಯಾಗಿ ಮಾಡಿದೆ, ಅದು ಸಣ್ಣ ಕೆಲಸವಲ್ಲ. ಹೊಸ ಯಂತ್ರಕ್ಕೆ ಖರ್ಚು ಮಾಡುವಷ್ಟೇ ಮನಸ್ಸಿಟ್ಟು ಆ ಕುರ್ಚಿಯಲ್ಲಿ ಕೂರುವವರ ನಿದ್ದೆ, ಪಾಳಿ, ತರಬೇತಿಗೂ ಖರ್ಚು ಮಾಡಬೇಕು ಅನ್ನುವುದು ನನ್ನ ಕೋರಿಕೆ.

ಮುಂದಿನ ಸಲ ಜೇನನ್ನು ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಕವರ್‌ನಲ್ಲಿ ಕಟ್ಟಿ, ಬಟ್ಟೆಗಳ ನಡುವೆ ಚೆಕ್‌ಇನ್ ಚೀಲದಲ್ಲಿಡಿ. ನಮ್ಮ ಕಡೆಯ ಹುಳಿ ದ್ರವ ಕಾಚಂಪುಳಿ ಇದ್ದರೆ ಅದನ್ನೂ ಹಾಗೇ. ಹೊರಡುವ ಮುಂಚೆ ವಿಮಾನ ಸಂಸ್ಥೆಯ ನಿಯಮವನ್ನೂ ಇಳಿಯುವ ದೇಶದ ನಿಯಮವನ್ನೂ ಒಮ್ಮೆ ನೋಡಿಕೊಳ್ಳಿ, ಜೇನಿಗೆ ಕೆಲವು ದೇಶಗಳಲ್ಲಿ ಕಸ್ಟಮ್ಸ್ ನಿರ್ಬಂಧ ಇದೆ.