ಹೊಸ ಟಿವಿ, ಮಸುಕು ಚಿತ್ರ

ಪ್ರಶ್ನೆ: ತೋಟದ ಮನೆಗೆ 43 ಇಂಚಿನ ಫುಲ್ ಎಚ್‌ಡಿ ಟಿವಿ ತಂದಿದ್ದೇವೆ. ಡಿಟಿಎಚ್ ಸಂಪರ್ಕ ಹಳೆಯದೇ. ಚಿತ್ರ ಮೊದಲಿಗಿಂತ ಮಸುಕಾಗಿದೆ. ಮಾಡಿನ ಮೇಲಿರುವ ಹಳೆಯ ಆಂಟೆನಾ ಅಥವಾ ಕೇಬಲ್ ಸಂಪರ್ಕದಿಂದ ಪ್ರಯೋಜನವಾದೀತೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ದೋಷ ಟಿವಿಯದ್ದಲ್ಲ. ಸಾಮಾನ್ಯ ಚಾನೆಲ್‌ನ ಚಿತ್ರದಲ್ಲಿ ಹೆಚ್ಚೆಂದರೆ 720×576 ಬಿಂದುಗಳಿರುತ್ತವೆ. ನಿಮ್ಮ ಪರದೆಯಲ್ಲಿರುವುದು 1920×1080, ಅಂದರೆ ಸರಿಯಾಗಿ ಐದು ಪಟ್ಟು. ಕಡಿಮೆ ವಿವರವಿರುವ ಚಿತ್ರವನ್ನು ದೊಡ್ಡ ಪರದೆಯ ತುಂಬ ಹಿಗ್ಗಿಸಿದಾಗ ಅದು ಮಸುಕಾಗುವುದು ಸಹಜ. ಆದ್ದರಿಂದ ಎಚ್‌ಡಿ ಸೆಟ್‌ಟಾಪ್ ಬಾಕ್ಸ್, ಎಚ್‌ಡಿ ಚಾನೆಲ್‌ಗಳ ಚಂದಾ ಮತ್ತು ಎಚ್‌ಡಿಎಂಐ ತಂತಿ, ಈ ಮೂರೂ ಬೇಕು. ಹೊಸ ಬಾಕ್ಸ್ ತಂದ ಮೇಲೂ ಹಳದಿ, ಕೆಂಪು, ಬಿಳಿ ಬಣ್ಣದ ಹಳೆಯ ತಂತಿಯನ್ನೇ ಸಿಕ್ಕಿಸಿ ಮೋಸಹೋಗುವವರು ಬಹಳ. ಆ ತಂತಿಯಲ್ಲಿ ಎಚ್‌ಡಿ ಚಿತ್ರ ಹಾದುಬರುವುದೇ ಇಲ್ಲ.

ಆಂಟೆನಾದ ಆಸೆ ಬೇಡ. ದೂರದರ್ಶನದ ಅನಲಾಗ್ ಪ್ರಸಾರ ಬಹುಪಾಲು ನಿಂತುಹೋಗಿದೆ. ತಿಂಗಳ ಶುಲ್ಕವಿಲ್ಲದ ಡಿಡಿ ಫ್ರೀ ಡಿಶ್‌ನಲ್ಲಿಯೂ ಹೆಚ್ಚಿನವು ಸಾಮಾನ್ಯ ಚಾನೆಲ್‌ಗಳೇ.

ಮಲೆನಾಡಿನವರು ಮಳೆಗಾಲವನ್ನೂ ಯೋಚಿಸಬೇಕು. ಡಿಟಿಎಚ್ ಬಳಸುವ ಕು ಬ್ಯಾಂಡ್ ತರಂಗಗಳನ್ನು ಜೋರು ಮಳೆ ಹೀರಿಕೊಳ್ಳುವುದರಿಂದ ಚಿತ್ರ ಕಡಿಯುತ್ತದೆ. ಕೇಬಲ್‌ನವರು ದೊಡ್ಡ ತಟ್ಟೆಗಳಲ್ಲಿ ಹಿಡಿಯುವ ಸಿ ಬ್ಯಾಂಡ್‌ಗೆ ಆ ತೊಂದರೆ ಬಹಳ ಕಡಿಮೆ. ಡಿಜಿಟಲ್ ಕೇಬಲ್ ನಿಮ್ಮ ಮನೆಯವರೆಗೆ ಬರುವುದಾದರೆ ನಾನು ಅದನ್ನೇ ಸೂಚಿಸುತ್ತೇನೆ. ಬಾರದಿದ್ದರೆ ಡಿಟಿಎಚ್ ಸಾಕು. ಆದರೆ ತಟ್ಟೆಯ ಎದುರು ಅಡಿಕೆ ಸೋಗೆ ಅಡ್ಡ ಬೆಳೆದಿದೆಯೇ ಎಂಬುದನ್ನು ಮಳೆಗಾಲಕ್ಕೆ ಮುನ್ನವೇ ನೋಡಿಸಿ.