ಕ್ಯಾಮರಾ ಕಟ್ಟೆ: ಉಳಿದ ಫೋಟೋಗಳನ್ನೂ ತೋರಿಸು ಅನ್ನಿ

ಪ್ರಶ್ನೆ: ನನ್ನ ತಂಗಿಯ ಮಗಳು ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಳೆ. ಈಚೆಗೆ ಒಂದು ಸೆಕೆಂಡ್‌ಹ್ಯಾಂಡ್ ಕ್ಯಾಮರಾ ಕೊಂಡಳು. ಅದರ ಜೊತೆ ಬಂದ 18–55 ಕಿಟ್ ಲೆನ್ಸ್ ಒಂದೇ ಇರುವುದು. ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕುತ್ತಾಳೆ. ಎಲ್ಲರೂ ‘ಸೂಪರ್’ ಅಂತಾರೆ. ಅವಳಿಗೆ ಅದು ಸಾಲದು. ‘ಮಾವ, ನೀವಾದರೂ ನಿಜ ಹೇಳಿ’ ಅಂದಳು. ದಾದರ್ ಹೂವಿನ ಮಾರ್ಕೆಟ್ಟಿನಲ್ಲಿ ತೆಗೆದ ಫೋಟೋಗೆ ‘ಶೇಕ್ ಆಗಿದೆ, ಸೊಟ್ಟ ಇದೆ, ಹಿಂದೆ ಬರೀ ಗಲೀಜು’ ಅಂತ ಗ್ರೂಪಿನಲ್ಲೇ ಬರೆದೆ. ಆಮೇಲೆ ಅವಳು ಫೋಟೋ ಹಾಕುವುದನ್ನೇ ನಿಲ್ಲಿಸಿದ್ದಾಳೆ. ಅವಳಿಂದ ಕೇಳಿ ತರಿಸಿಕೊಂಡು ಆ ಫೋಟೋವನ್ನು ಇಮೇಲಿನಲ್ಲಿ ಕಳಿಸಿದ್ದೇನೆ. ನಾನು ಏನು ಹೇಳಬೇಕಿತ್ತು?
– ಒಬ್ಬ ಮಾವ, ಡೊಂಬಿವಲಿ ಪೂರ್ವ

ಉತ್ತರ: ಮಾವನವರೇ, ಸೊಟ್ಟ ಇರುವುದು ನಿಜ. ಹಿಂದೆ ನೀಲಿ ತಾಡಪತ್ರಿ, ಕಣ್ಣಿಗೆ ಹೊಡೆಯುವ ಟ್ಯೂಬ್‌ಲೈಟು, ಯಾರದೋ ಅರ್ಧ ತಲೆ ಇರುವುದೂ ನಿಜ. ಆದರೆ ಫೋಟೋ ಶೇಕ್ ಆಗಿಲ್ಲ. ಇನ್ನೊಮ್ಮೆ ದೊಡ್ಡದು ಮಾಡಿ ನೋಡಿ. ಹಿಂದಿನ ಅಂಗಡಿಯ ಬೋರ್ಡಿನ ಅಕ್ಷರ ಓದಲು ಬರುತ್ತದೆ. ತಲೆ ಮೇಲೆ ಚೆಂಡುಹೂವಿನ ಬುಟ್ಟಿ ಹೊತ್ತ ಆಸಾಮಿ ಮಾತ್ರ ಕದಡಿದ್ದಾನೆ. ಅಂದರೆ ಹುಡುಗಿಯ ಕೈ ಗಟ್ಟಿಯಾಗಿಯೇ ಇತ್ತು, ನಡೆದದ್ದು ಅವನು. ‘ಶೇಕ್’ ಅಂದರೆ ಅವಳು ನಾಳೆ ಟ್ರೈಪಾಡ್ ಕೊಳ್ಳಲು ಹೋಗುತ್ತಾಳೆ. ಟ್ರೈಪಾಡ್ ಇಟ್ಟರೂ ಅವನು ನಡೆಯುತ್ತಲೇ ಇರುತ್ತಾನೆ, ಅಲ್ವಾ?

ಫೋಟೋದ ವಿವರ ತೆಗೆದು ನೋಡಿದೆ. ಕ್ಯಾಮರಾ ಆಟೋದಲ್ಲಿತ್ತು. ಲೆನ್ಸ್ ಪೂರ್ತಿ ಝೂಮ್ ಮಾಡಿ 55ಕ್ಕೆ ಎಳೆದಿದ್ದಾಳೆ, ಅಪರ್ಚರ್ (ಬೆಳಕು ಒಳಗೆ ಬರುವ ಬಾಗಿಲು) ಎಫ್ 5.6, ಐಎಸ್‌ಒ (ಬೆಳಕಿಗೆ ಕ್ಯಾಮರಾದ ಸೂಕ್ಷ್ಮತೆ) 800, ಶಟರ್ ತೆರೆದಿದ್ದ ಹೊತ್ತು ಸೆಕೆಂಡಿನ 1/15. ನಸುಕಿನಲ್ಲಿ, ಫ್ಲೈಓವರ್ ಕೆಳಗೆ, ಅಷ್ಟು ಬೆಳಕಿನಲ್ಲಿ ಕ್ಯಾಮರಾ ಮತ್ತೇನು ಮಾಡೀತು? ಕಿಟ್ ಲೆನ್ಸಿನ ಗುಣವೇ ಅದು. ಝೂಮ್ ಮಾಡಿದಷ್ಟೂ ಅದರ ಬಾಗಿಲು ಕಿರಿದಾಗುತ್ತದೆ. 18ರಲ್ಲಿ ಅದು ಎಫ್ 3.5ರವರೆಗೆ ತೆರೆಯುತ್ತದೆ (ಎಫ್ ಅಂಕಿ ಚಿಕ್ಕದಾದಷ್ಟೂ ಬಾಗಿಲು ದೊಡ್ಡದು), ಅಂದರೆ ಸುಮಾರು ಎರಡೂವರೆ ಪಟ್ಟು ಬೆಳಕು. ಹಾಗಾಗಿ ಲೆನ್ಸನ್ನು 18ಕ್ಕೆ ತಂದು, ತಾನೇ ನಾಲ್ಕು ಹೆಜ್ಜೆ ಮುಂದೆ ಹೋಗಲಿ. ಐಎಸ್‌ಒ 3200ಕ್ಕೆ ಏರಿಸಲಿ. ಆಗ ಶಟರ್ 1/125ಕ್ಕೆ ಆರಾಮಾಗಿ ಹೋಗುತ್ತದೆ. ಫೋಟೋದಲ್ಲಿ ಸ್ವಲ್ಪ ಕಾಳು ಕಾಳು ಕಾಣಿಸುತ್ತದೆ. ಕಾಣಿಸಲಿ. ಕಾಳು ಕಂಡರೂ ಮುಖ ಉಳಿಯುತ್ತದೆ, ಕದಡಿದ ಮುಖವನ್ನು ಯಾರೂ ಸರಿಮಾಡಲಾರರು. ಹತ್ತಿರ ಹೋದರೆ ಬುಟ್ಟಿಯೇ ಫ್ರೇಮ್ ತುಂಬಿಕೊಳ್ಳುತ್ತದೆ. ತಾಡಪತ್ರಿಯೂ ಟ್ಯೂಬ್‌ಲೈಟೂ ಚಿಕ್ಕದಾಗಿ ಹಿಂದೆ ಸರಿಯುತ್ತವೆ.

ಆದರೆ ಇದನ್ನೂ ಈಗಲೇ ಹೇಳಬೇಡಿ. ಮೊದಲು ಒಂದು ಕೆಲಸ ಇದೆ.

ನಾನು ಫೋಟೋಗ್ರಾಫರ್ ಅಲ್ಲ, ಬೇರೆಯವರ ಫೋಟೋ ಪ್ರಿಂಟ್ ಮಾಡಿದವನು. ಕುಂದಾಪುರದ ಕಡೆಯಿಂದ ಬಂದು, ಹಗಲು ದುಡಿಮೆ, ರಾತ್ರಿ ಶಾಲೆ ಅಂತ ಮುಂಬಯಿಯ ಫೋರ್ಟಿನಲ್ಲಿ ದಿನ ತಳ್ಳಿದ ಹುಡುಗರಲ್ಲಿ ನಾನೂ ಒಬ್ಬ. ಜೊತೆಯವರು ಹೋಟೆಲ್ ಸೇರಿದರು, ನಾನು ಲ್ಯಾಬಿನ ಕತ್ತಲೆ ಕೋಣೆ ಸೇರಿದೆ. (ಅವರಲ್ಲಿ ಕೆಲವರು ಈಗ ಹೋಟೆಲ್ ಮಾಲೀಕರು. ಇರಲಿ ಬಿಡಿ.) 36 ಫ್ರೇಮಿನ ರೋಲ್ ತೊಳೆದು, ಆರಾರು ಫ್ರೇಮಿನ ಆರು ಪಟ್ಟಿ ಕತ್ತರಿಸಿ, ಎಲ್ಲವನ್ನೂ ಒಂದೇ ಕಾಗದದ ಮೇಲೆ ಜೋಡಿಸಿ ಪ್ರಿಂಟ್ ತೆಗೆಯುತ್ತಿದ್ದೆವು. ಅದೇ ಕಾಂಟ್ಯಾಕ್ಟ್ ಶೀಟ್. ಗೋಡೆಗೆ ಹೋಗುವ ಫೋಟೋದಲ್ಲಿ ಕಾಣದ್ದೆಲ್ಲ ಅದರಲ್ಲಿ ಕಾಣುತ್ತಿತ್ತು. ಒಬ್ಬ ದೂರದಿಂದ ಒಂದು ಹೊಡೆದು ಮುಂದೆ ಹೋಗಿಬಿಟ್ಟಿದ್ದಾನೆ. ಇನ್ನೊಬ್ಬ ಒಂದೇ ಮುದುಕಿಯ ಸುತ್ತ ಹತ್ತು ಸಲ ಸುತ್ತಿದ್ದಾನೆ, ಏಳನೆಯದು ಅದ್ಭುತವಾಗಿ ಬಂದಿದೆ, ಆದರೆ ಪ್ರಿಂಟಿಗೆ ಟಿಕ್ ಹಾಕಿರುವುದು ಒಂಬತ್ತನೆಯದಕ್ಕೆ.

ಈ ಇಬ್ಬರಿಗೂ ಒಂದೇ ಬುದ್ಧಿಮಾತು ಹೇಳಿದರೆ ಕೆಲಸಕ್ಕೆ ಬರುವುದಿಲ್ಲ. ಮೊದಲನೆಯವನಿಗೆ ‘ಇನ್ನೂ ಸ್ವಲ್ಪ ಹೊತ್ತು ನಿಲ್ಲು’ ಅನ್ನಬೇಕು. ಎರಡನೆಯವನಿಗೆ ತೆಗೆಯಲು ಬರುತ್ತದೆ, ಆರಿಸಲು ಬರುವುದಿಲ್ಲ. ಒಂದೇ ಫೋಟೋ ಕೈಲಿಟ್ಟುಕೊಂಡು ನೋಡಿದರೆ ಇಬ್ಬರೂ ಒಂದೇ ಥರ ಕಾಣುತ್ತಾರೆ. ಹಾಗಾಗಿ ನಿಮ್ಮ ಸೊಸೆಗೆ ‘ಅವತ್ತು ತೆಗೆದದ್ದನ್ನೆಲ್ಲ ತೋರಿಸು, ಡಿಲೀಟ್ ಮಾಡಬೇಕು ಅನ್ನಿಸಿದ್ದನ್ನೂ ತೋರಿಸು’ ಅನ್ನಿ. ಒಂದು ಭಾನುವಾರ ಲ್ಯಾಪ್‌ಟಾಪ್ ಮುಂದೆ ಕೂತುಕೊಳ್ಳಿ. ವಾಟ್ಸಾಪಿನಲ್ಲಿ ನೋಡಬೇಡಿ. ಅಲ್ಲಿ ಫೋಟೋ ಕುಗ್ಗುತ್ತದೆ, ಶಟರ್–ಅಪರ್ಚರಿನ ವಿವರವೂ ಅಳಿಸಿಹೋಗುತ್ತದೆ. ಕಳಿಸಲೇಬೇಕು ಅಂದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಇನ್ನು ಹತ್ತು ಜನ ನೆಂಟರ ಮುಂದೆ ತಪ್ಪು ಎಣಿಸುವುದನ್ನು ದಯವಿಟ್ಟು ಬಿಡಿ. ಅವಳಿಗೆ ನೋವಾದದ್ದು ಅರ್ಧ ಅದಕ್ಕೇ ಇರಬೇಕು.

ಕೂತ ಮೇಲೆ ನೀವು ಹೇಳುವುದಕ್ಕಿಂತ ಕೇಳುವುದು ಜಾಸ್ತಿ ಇರಲಿ. ‘ಇವನನ್ನು ನೋಡಿ ಯಾಕೆ ನಿಂತೆ?’ ಅನ್ನಿ. ಇದು ಮುಖ್ಯ. ‘ಎಷ್ಟು ಓಡಾಟ ಇತ್ತು ಮಾವ, ಯಾರೂ ನಿಲ್ಲುವವರೇ ಇಲ್ಲ’ ಅಂತ ಅವಳು ಅಂದರೆ ನೀವು ತಪ್ಪು ಅಂದುಕೊಂಡ ಕದಡೇ ಅವಳಿಗೆ ಬೇಕಾದದ್ದು. ಆಗ 1/125ರ ಮಾತೇ ಎತ್ತಬೇಡಿ. ಕ್ಯಾಮರಾವನ್ನು ಕಂಬಕ್ಕೆ ಒರಗಿಸಿ 1/8ಕ್ಕೆ ಇಳಿಸು, ಹೂ ಕಟ್ಟುತ್ತ ಕೂತವಳನ್ನು ನಡುವೆ ಇಟ್ಟುಕೊ, ಸುತ್ತ ಜನ ಹರಿಯಲಿ ಅನ್ನಿ. ಇಲ್ಲ, ‘ಅವನ ಕುತ್ತಿಗೆ ನೋಡಿ, ಎಷ್ಟು ಬಿಗಿದಿದೆ’ ಅಂದಳೋ, ಆಗ ಮೇಲಿನ ಲೆಕ್ಕ ಹೇಳಿ. ಒಂದು ಸಲಕ್ಕೆ ಒಂದೇ ವಿಷಯ. ಸೊಟ್ಟಗಿರುವುದು, ಅರ್ಧ ತಲೆ ಇವೆಲ್ಲ ಇನ್ನೊಂದು ದಿನಕ್ಕೆ ಇರಲಿ. ಕ್ಯಾಮರಾದಲ್ಲಿ ಗ್ರಿಡ್ ಗೆರೆ ಆನ್ ಮಾಡಿಕೊಟ್ಟರೆ ಸೊಟ್ಟ ತಾನಾಗಿಯೇ ಕಮ್ಮಿ ಆಗುತ್ತದೆ.

ಚೆನ್ನಾಗಿರುವುದನ್ನೂ ಬಿಡಿಸಿ ಹೇಳಿ. ‘ಸೂಪರ್’ ಅನ್ನುವುದು ಸೋಮಾರಿಗಳ ಮಾತು. ಈ ಫೋಟೋದಲ್ಲಿ ನನಗೆ ಹಿಡಿಸಿದ್ದು ಹೇಳಲೇ? ಆ ಬೂದು ಬೆಳಕಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಚೆಂಡುಹೂವಿನ ಕೇಸರಿ. ಆಮೇಲೆ ಫಿಲ್ಟರ್ ಹಾಕಿ ಅದನ್ನು ಉರಿಯುವ ಹಾಗೆ ಮಾಡಿಲ್ಲ ಅವಳು. ಈ ವಯಸ್ಸಿಗೆ ಅಷ್ಟು ಸಂಯಮ ಕಮ್ಮಿ ಅಲ್ಲ. ಇದನ್ನು ನನ್ನ ಹೆಸರು ಹೇಳಿಯೇ ತಿಳಿಸಿ.

ಎರಡು ಮಾತು ಮಾತ್ರ ಬಾಯಿಗೆ ಬರಬಾರದು. ‘50ರ ಪ್ರೈಮ್ ಲೆನ್ಸ್ (ಝೂಮ್ ಇಲ್ಲದ, ಹೆಚ್ಚು ಬೆಳಕು ಬಿಡುವ ಲೆನ್ಸ್) ಕೊಂಡುಬಿಡು’ ಅನ್ನುವುದು ಒಂದು. ಕಿಟ್ ಲೆನ್ಸಿನಲ್ಲಿ ಇನ್ನೂ ಕಲಿಯುವುದು ಬೇಕಾದಷ್ಟಿದೆ, ದುಡ್ಡೂ ಅವಳದ್ದಲ್ಲ. ‘ನಾನಾಗಿದ್ದರೆ ಹೀಗೆ ತೆಗೆಯುತ್ತಿದ್ದೆ’ ಅನ್ನುವುದು ಇನ್ನೊಂದು. ನೀವಾಗಿದ್ದರೆ ಆ ಹೊತ್ತಿಗೆ ಡೊಂಬಿವಲಿಯಲ್ಲಿ ಮಲಗಿರುತ್ತಿದ್ದಿರಿ.

ಯಾರದ್ದಾದರೂ ಕೆಲಸ ತೋರಿಸಬೇಕು ಅನ್ನಿಸಿದರೆ ಇನ್‌ಸ್ಟಾಗ್ರಾಮಿನ ಮಿಂಚು ಬೇಡ. ಹೋಮಾಯಿ ವ್ಯಾರಾವಾಲಾ ಅವರ (1913–2012) ಮುಂಬಯಿ ಚಿತ್ರಗಳನ್ನು ತೋರಿಸಿ. ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಅಂತ ಹೆಸರಾದ ಅವರು ಇಲ್ಲೇ ಜೆ.ಜೆ. ಕಲಾಶಾಲೆಯಲ್ಲಿ ಓದಿದವರು. ಶುರುವಿನಲ್ಲಿ ಜೊತೆಯ ಹುಡುಗಿಯರನ್ನೂ ಈ ಊರಿನ ದಿನದಿನದ ಬದುಕನ್ನೂ ತೆಗೆದರು. ಕಾಲಾ ಘೋಡಾದ ಜಹಾಂಗೀರ್ ಗ್ಯಾಲರಿಗೂ ಒಮ್ಮೆ ಕರೆದುಕೊಂಡು ಹೋಗಿ, ಟಿಕೆಟ್ ಇಲ್ಲ. ಗೋಡೆಯ ಮೇಲಿನ ದೊಡ್ಡ ಪ್ರಿಂಟು ಮೊಬೈಲಿನಲ್ಲಿ ಕಂಡಂತೆ ಕಾಣುವುದಿಲ್ಲ.

ಪ್ರಶ್ನೆ: ಇಲ್ಲಿನ ಪೇಶ್ವೆಗಳ ಕೋಟೆ ಶನಿವಾರವಾಡೆಯ ಹೆಬ್ಬಾಗಿಲು ದಿಲ್ಲಿ ದರ್ವಾಜಾದ ಫೋಟೋವನ್ನು ನಮ್ಮ ಕ್ಲಬ್ಬಿನಲ್ಲಿ ತೋರಿಸಿದೆ. ‘ಬಾಗಿಲು ನಟ್ಟನಡುವೆ ಇದೆ, ಮುಖ್ಯವಾದದ್ದನ್ನು ನಡುವೆ ಇಡದೆ ಮೂರರಲ್ಲಿ ಒಂದು ಭಾಗದ ಗೆರೆಯ ಮೇಲೆ ಇಡಬೇಕು ಅನ್ನುವ ನಿಯಮ ಗೊತ್ತಿಲ್ಲವೇ’ ಅಂದರು. ಒಪ್ಪಬೇಕೆ?
– ಓದುಗರು, ಕೋಥರೂಡ್, ಪುಣೆ

ಉತ್ತರ: ಒಪ್ಪಬೇಡಿ. ಎಡಬಲ ಒಂದೇ ಸಮ ಇರುವ ಬಾಗಿಲು ನಡುವೆಯೇ ಚೆನ್ನ. ನನ್ನ ತಕರಾರು ಬೇರೆ. ಕ್ಯಾಮರಾದ ಮೂತಿಯನ್ನು ಮೇಲಕ್ಕೆ ಓರೆ ಮಾಡಿ ಹಿಡಿದಿದ್ದರಿಂದ ಎರಡೂ ಬದಿಯ ಬುರುಜು ಒಳಕ್ಕೆ ವಾಲಿದ ಹಾಗಿವೆ. ಹಿಂದೆ ಸರಿದು ಕ್ಯಾಮರಾ ನೇರ ಹಿಡಿಯಿರಿ, ಕೆಳಗೆ ಹೆಚ್ಚಾಗಿ ಬಂದ ನೆಲವನ್ನು ಆಮೇಲೆ ಕತ್ತರಿಸಿ. ಇನ್ನೊಂದನ್ನು ಹತ್ತಿರದಿಂದ ತೆಗೆಯಿರಿ. ಆನೆ ಬಂದು ಗುದ್ದದಿರಲಿ ಅಂತ ಬಾಗಿಲಿಗೆ ಹೊಡೆದ ಕಬ್ಬಿಣದ ಮೊಳೆಗಳಿವೆಯಲ್ಲ, ಬಿಸಿಲು ಓರೆಯಾಗಿ ಬಿದ್ದಾಗ ಅವುಗಳ ನೆರಳು ನೋಡಿ.

ಪ್ರಶ್ನೆ: ಮಗ ಹತ್ತನೇ ತರಗತಿ. ಬೈನಾ ಬೀಚಿನಲ್ಲಿ ಬಲೆ ಎಳೆಯುವವರ ಫೋಟೋ ಮೊಬೈಲಿನಲ್ಲಿ ತೆಗೆಯುತ್ತಾನೆ. ಎಲ್ಲದರಲ್ಲೂ ಬರೀ ಬೆನ್ನು. ‘ಹತ್ತಿರ ಹೋಗೋ’ ಅಂದರೆ ಸಿಟ್ಟು ಮಾಡುತ್ತಾನೆ.
– ಒಬ್ಬ ತಾಯಿ, ವಾಸ್ಕೋ, ಗೋವಾ

ಉತ್ತರ: ಅಮ್ಮಾ, ಅದು ಸಿಟ್ಟಲ್ಲ, ನಾಚಿಕೆ. ಬೈದರೆ ಝೂಮ್ ಮಾಡಲು ಶುರು ಮಾಡುತ್ತಾನೆ, ಮೊಬೈಲಿನ ಝೂಮ್ ಜಾಸ್ತಿ ಎಳೆದರೆ ಫೋಟೋ ಒಡೆಯುತ್ತದೆ. ಒಂದು ಸಂಜೆ ಮೊಬೈಲ್ ಜೇಬಿನಲ್ಲೇ ಇರಲಿ. ಸುಮ್ನೆ ಹೋಗಿ ಹಗ್ಗಕ್ಕೆ ಕೈ ಹಾಕಲಿ, ಕೊಂಕಣಿಯಲ್ಲಿ ನಾಲ್ಕು ಮಾತಾಡಲಿ. ಆಮೇಲೆ ಕೇಳಿಕೊಂಡು ತೆಗೆಯಲಿ. ಮುಂದಿನ ಸಲ ಹೋಗುವಾಗ ಅಂಗೈ ಅಗಲದ ಪ್ರಿಂಟ್ ಹಾಕಿಸಿಕೊಂಡು ಹೋಗಿ ಅವರವರ ಫೋಟೋ ಅವರವರಿಗೆ ಕೊಡಲಿ. ಯಾವುದು ಸರಿ ಬಂದಿಲ್ಲ, ಯಾಕೆ ಬಂದಿಲ್ಲ ಅಂತ ಅವರೇ ಹೇಳುತ್ತಾರೆ, ನಿಮಗಿಂತ ನನಗಿಂತ ಖಡಕ್ಕಾಗಿ.