ಒಳಬಾಡಿಗೆ ಕರಾರಿಗೆ ಮೊದಲು ಮಾಲೀಕರ ಸಹಿ

ಮೈಸೂರಿನ ಕುವೆಂಪುನಗರದ ಬಾಡಿಗೆ ಮನೆಯನ್ನು ಆರು ತಿಂಗಳ ಮಟ್ಟಿಗೆ ಸಹೋದ್ಯೋಗಿಗೆ ಬಿಟ್ಟು ಬೆಂಗಳೂರಿಗೆ ಹೋಗಬೇಕಾಗಿದೆ, ಒಳಬಾಡಿಗೆ ಕರಾರನ್ನು ಹೇಗೆ ಬರೆಯಿಸಬೇಕು ಎಂದು ಕೇಳಿದ್ದೀರಿ. ಮೊದಲು ನಿಮ್ಮದೇ ಹಳೆಯ ಕರಾರು ಪತ್ರವನ್ನು ತೆಗೆದು ಓದಿ. ಟೈಪಿಂಗ್ ಅಂಗಡಿಗಳ ಸಿದ್ಧ ನಮೂನೆಗಳಲ್ಲಿ ‘ಬಾಡಿಗೆದಾರರು ಸದರಿ ಸ್ವತ್ತನ್ನು ಒಳಬಾಡಿಗೆಗೆ ಕೊಡತಕ್ಕದ್ದಲ್ಲ’ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಇದ್ದರೆ ಮಾಲೀಕರ ಲಿಖಿತ ಒಪ್ಪಿಗೆ ಸಿಗುವವರೆಗೆ ಬೀಗದ ಕೈ ಕೊಡಬೇಡಿ. ಆ ಸಾಲು ಇಲ್ಲದಿದ್ದರೂ ಒಪ್ಪಿಗೆ ಪಡೆಯಿರಿ. ಕರಾರಿನಲ್ಲಿ ನಿಷೇಧವಿಲ್ಲದಿದ್ದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಒಳಬಾಡಿಗೆಗೆ ಅವಕಾಶ ಕೊಡುತ್ತದೆ, ನಿಜ. ಆದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯವಾಗುವ ಮನೆಗಳಲ್ಲಿ ಲಿಖಿತ ಒಪ್ಪಿಗೆಯಿಲ್ಲದ ಒಳಬಾಡಿಗೆಯನ್ನೇ ಕಾರಣ ಮಾಡಿಕೊಂಡು ಮಾಲೀಕರು ತೆರವಿಗೆ ದಾವೆ ಹೂಡಬಹುದು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸರಸ್ವತಿಪುರಂನಲ್ಲಿ ನಾನಿದ್ದ ಮಹಡಿ ಮನೆಯನ್ನು ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದ ಪರಿಚಯದ ಹುಡುಗನಿಗೆ ಬಿಟ್ಟು ಹೋಗಿದ್ದೆ. ಮಾಲೀಕರು ಜಗಲಿಯಲ್ಲಿ ಕುಳಿತು, ‘ಅದಕ್ಕೇನಂತೆ, ನಿಮ್ಮ ಕಡೆಯ ಹುಡುಗನೇ ತಾನೆ, ಇರಲಿ ಬಿಡಿ’ ಎಂದಿದ್ದರು. ಮೂರನೆಯ ತಿಂಗಳಲ್ಲಿ ಅವರು ತೀರಿಕೊಂಡರು. ಅವರ ಮಗ ಬಂದು ಬಾಗಿಲು ತಟ್ಟಿ ‘ನೀನು ಯಾರಪ್ಪ?’ ಎಂದು ಕೇಳಿದಾಗ, ಆ ಹುಡುಗ ತೋರಿಸಿದ್ದು ನನ್ನ ಸಹಿ ಇದ್ದ ಒಂದು ಹಾಳೆ. ಮಾಲೀಕರ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಪರೀಕ್ಷೆ ಹತ್ತಿರವಿದ್ದಾಗ ಅವನು ಪುಸ್ತಕಗಳನ್ನು ಕಟ್ಟಿಕೊಂಡು ಮನೆ ಹುಡುಕಿದ. ಇಂದಿಗೂ ಅವನನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಆದ್ದರಿಂದ ಕರಾರಿನಲ್ಲಿಯೇ ಮಾಲೀಕರನ್ನು ಒಪ್ಪಿಗೆ ನೀಡಿದವರೆಂದು ಸೇರಿಸಿ ಸಹಿ ಹಾಕಿಸಿ. ಮನೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿದ್ದರೆ ಇಬ್ಬರ ಸಹಿಯೂ ಬೇಕು.

ಇನ್ನು ದಿನಾಂಕ. ನಿಮ್ಮ ಕರಾರು ಮುಗಿಯುವ ದಿನಕ್ಕಿಂತ ಮುಂಚೆಯೇ ಒಳಬಾಡಿಗೆ ಮುಗಿಯಬೇಕು. ನಿಮಗಿಲ್ಲದ ಹಕ್ಕನ್ನು ಇನ್ನೊಬ್ಬರಿಗೆ ಕೊಡಲಾಗದು. ಮೂಲ ಕರಾರಿನ ದಿನಾಂಕವನ್ನು ನಮೂದಿಸಿ, ಅದರ ಷರತ್ತುಗಳು ಒಳಬಾಡಿಗೆದಾರರಿಗೂ ಅನ್ವಯವಾಗುತ್ತವೆ ಎಂದು ಬರೆಯಿಸಿ, ಅದರ ಪ್ರತಿಯನ್ನೂ ಲಗತ್ತಿಸಿ. ಆರೇ ತಿಂಗಳಾದ್ದರಿಂದ ನೋಂದಣಿ ಕಡ್ಡಾಯವಲ್ಲ, ಛಾಪಾ ಕಾಗದ ಮತ್ತು ಇಬ್ಬರು ಸಾಕ್ಷಿಗಳು ಸಾಕು. ಮನೆ ಬಿಡಲು ಎಷ್ಟು ದಿನ ಮೊದಲು ತಿಳಿಸಬೇಕೆಂಬುದನ್ನೂ ಸೇರಿಸಿ. ನಾನಾದರೆ ಒಂದು ತಿಂಗಳು ಎನ್ನುತ್ತೇನೆ.

ಸಹೋದ್ಯೋಗಿ ಬಾಡಿಗೆ ಕೊಡದಿದ್ದರೂ ಮಾಲೀಕರಿಗೆ ಉತ್ತರ ಹೇಳಬೇಕಾದವರು ನೀವೇ, ಗೋಡೆಗೆ ಮೊಳೆ ಹೊಡೆದು ಗಾರೆ ಕಿತ್ತರೂ ನೀವೇ. ಅದಕ್ಕಾಗಿ ಸಹೋದ್ಯೋಗಿಯಿಂದ ನೀವು ಪಡೆಯುವ ಅಡ್ವಾನ್ಸ್ ಬೇರೆ, ಮಾಲೀಕರ ಬಳಿ ಇರುವ ನಿಮ್ಮ ಅಡ್ವಾನ್ಸ್ ಬೇರೆ ಎಂದು ಸ್ಪಷ್ಟವಾಗಿ ಬರೆಯಿಸಿ. ಕೊನೆಯಲ್ಲಿ ಸುಣ್ಣಬಣ್ಣಕ್ಕೆ ಯಾರ ಹಣದಲ್ಲಿ ಎಷ್ಟು ಹಿಡಿಯಬೇಕು ಎಂಬುದನ್ನೂ ಈಗಲೇ ಮಾತಾಡಿ. ಜಗಳಗಳು ಹೆಚ್ಚಾಗಿ ಅಲ್ಲಿಯೇ ಹುಟ್ಟುತ್ತವೆ.

ಕರೆಂಟಿನ ವಿಷಯ ಮರೆಯಬೇಡಿ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ನಿಮ್ಮ ಆಧಾರ್‌ಗೆ ಜೋಡಣೆಯಾಗಿದ್ದು, ಬೆಂಗಳೂರಿನ ಮನೆಗೂ ಅದು ಬೇಕೆಂದಿದ್ದರೆ ಇಲ್ಲಿನ ಜೋಡಣೆಯನ್ನು ತೆಗೆಸಬೇಕು. ಬಳಕೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಬರುತ್ತದೆ, ಅದನ್ನು ಕಟ್ಟುವವರು ಯಾರೆಂದು ಕರಾರಿನಲ್ಲಿರಲಿ.

ಬೆಂಗಳೂರಿನ ಕೆಲಸ ಒಂದು ವರ್ಷಕ್ಕೆ ಬೆಳೆಯುವ ಸೂಚನೆ ಇದ್ದರೆ ಇದೆಲ್ಲ ಬೇಡ. ನಿಮ್ಮ ಅಡ್ವಾನ್ಸ್ ವಾಪಸು ಪಡೆದು, ಮಾಲೀಕರು ಮತ್ತು ಸಹೋದ್ಯೋಗಿ ನೇರವಾಗಿ ಹೊಸ ಕರಾರು ಮಾಡಿಕೊಳ್ಳಲು ಬಿಡಿ.

ಹೊರಡುವ ದಿನ ಮೀಟರಿನ ಅಂಕಿ, ಗೋಡೆ, ನಲ್ಲಿ, ಸಂಪಿನ ಮೋಟಾರು ಎಲ್ಲದರ ಫೋಟೊ ತೆಗೆದು ಇಬ್ಬರಿಗೂ ಕಳಿಸಿ. ಕರಾರಿನ ಮೂರು ಪ್ರತಿ ಮಾಡಿಸಿ, ಸಹೋದ್ಯೋಗಿಯನ್ನು ಕರೆದುಕೊಂಡು ಹೋಗಿ ಮಾಲೀಕರ ಮನೆಯವರೆಲ್ಲರಿಗೂ ಪರಿಚಯ ಮಾಡಿಸಿ, ಅವರ ಪ್ರತಿಯನ್ನು ನಿಮ್ಮ ಕೈಯಾರೆ ಕೊಟ್ಟು ಬನ್ನಿ.